ಒಂದೇ ಪಾತ್ರೆ ಸಾಕು

ಎರಡು ರಾತ್ರಿ ಟೆಂಟ್‌ ವಾಸ, ಒಂದು ಸಣ್ಣ ಗ್ಯಾಸ್ ಸ್ಟವ್, ಒಂದೇ ಪಾತ್ರೆ, ಏನು ಅಡುಗೆ ಮಾಡಬಹುದು ಅಂತ ಕೇಳಿದ್ದೀರಿ. ಧಾರಾಳವಾಗಿ ಸಾಕು ಬಿಡಿ. ಮೊದಲ ರಾತ್ರಿ ಪಾಸ್ತಾ ಮಾಡಿ. ಈರುಳ್ಳಿ, ಬೆಳ್ಳುಳ್ಳಿ ಮನೆಯಲ್ಲೇ ಹೆಚ್ಚಿ ಡಬ್ಬಿಯಲ್ಲಿ ಒಯ್ಯಿರಿ, ಕತ್ತಲಲ್ಲಿ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಹೆಚ್ಚುವ ಕಷ್ಟ ಯಾರಿಗೂ ಬೇಡ. ಅದನ್ನು ಎಣ್ಣೆಯಲ್ಲಿ ಬಾಡಿಸಿ, ಟೊಮ್ಯಾಟೊ ಹಾಕಿ, ಪಾಸ್ತಾ ಮುಳುಗುವಷ್ಟೇ ನೀರು ಹಾಕಿ ಅದರಲ್ಲೇ ಬೇಯಿಸಿ. ಬಸಿಯೋದು ಬೇಡ, ಪಾಸ್ತಾ ಬಿಟ್ಟ ಗಂಜಿಯಿಂದಲೇ ನೀರು ಗಟ್ಟಿಯಾಗಿ ಸಾಸ್ ಆಗುತ್ತದೆ. ತಳ ಹಿಡಿಯದಂತೆ ಕೈಯಾಡಿಸುತ್ತಾ ಇರಿ, ಅಷ್ಟೇ.

ಎರಡನೇ ರಾತ್ರಿ, ಅಲ್ಲಿ ಬೆಂಕಿ ಹಾಕಲು ಬಿಡುತ್ತಾರಾದರೆ, ಆಲೂಗಡ್ಡೆಗೆ ಎಣ್ಣೆ ಸವರಿ ಫಾಯಿಲ್‌ನಲ್ಲಿ ಎರಡು ಸುತ್ತು ಸುತ್ತಿ ಕೆಂಡದ ಮೇಲಿಡಿ. ಉರಿಯ ಮೇಲಲ್ಲ! ನಾನು ಮೊದಲ ಸಲ ಹಸಿವು ತಡೆಯಲಾರದೆ ಉರಿಗೇ ಇಟ್ಟೆ, ಹೊರಗೆ ಇದ್ದಿಲು, ಒಳಗೆ ಹಸಿ. ಆಗಾಗ ತಿರುಗಿಸುತ್ತಾ 45 ನಿಮಿಷದಿಂದ ಒಂದು ಗಂಟೆ ಬಿಡಿ. ಚಾಕು ಸಲೀಸಾಗಿ ಇಳಿದರೆ ಬೆಂದಿದೆ. ಸೀಳಿ ಬೆಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ ಹಾಕಿ.

ಬೆಳಿಗ್ಗೆಗೆ ಓಟ್ಸ್ ಸುಲಭ, ರುಚಿ ಸುಮಾರು. ಹಸಿ ಮಾಂಸ ಒಯ್ಯುವುದಾದರೆ ಐಸ್ ಬಾಕ್ಸ್‌ನಲ್ಲಿಟ್ಟು ಮೊದಲ ರಾತ್ರಿಯೇ ಮುಗಿಸಿ. ಉಪ್ಪು ಮರೀಬೇಡಿ, ಎಲ್ಲರೂ ಮರೆಯೋದು ಅದನ್ನೇ.