ಫ್ಲೇವರ್ಡ್ ಆಲಿವ್ ಎಣ್ಣೆಯನ್ನು ಸ್ಯಾಂಡ್‌ವಿಚ್‌ಗೆ, ಗ್ರಿಲ್ ಅಡುಗೆಗೆ ಹೇಗೆ ಬಳಸುವುದು?

ಸ್ಯಾಂಡ್‌ವಿಚ್‌ನಿಂದಲೇ ಶುರು ಮಾಡಿ. ಫ್ಲೇವರ್ಡ್ ಎಂದರೆ ಬೆಳ್ಳುಳ್ಳಿ, ನಿಂಬೆಯಂಥವುಗಳ ಪರಿಮಳ ಸೇರಿಸಿದ ಆಲಿವ್ ಎಣ್ಣೆ; ಬಿಸಿ ತಾಗದ ಕಡೆ ಈ ಎಣ್ಣೆಯ ಪರಿಮಳ ಚೆನ್ನಾಗಿ ಉಳಿಯುತ್ತದೆ. ಬ್ರೆಡ್ಡಿನ ಒಳಮೈಗೆ ಬೆಳ್ಳುಳ್ಳಿ ಅಥವಾ ಬೇಸಿಲ್ ಎಣ್ಣೆ ಒಂದು ಚಮಚ ಸವರಿ, ಆಮೇಲೆ ಟೊಮೆಟೊ ಇಡಿ. ಎಣ್ಣೆ ಅಡ್ಡ ಇರುವುದರಿಂದ ರಸ ಬೇಗ ಇಳಿಯುವುದಿಲ್ಲ, ಬ್ರೆಡ್ ಮುದ್ದೆಯಾಗುವುದೂ ತಡ. ಮೇಯನೇಸ್‌ಗೆ ನಾಲ್ಕು ಹನಿ ನಿಂಬೆ ಎಣ್ಣೆ ಬೆರೆಸಿದರೂ ಸಾಕು.

ಗ್ರಿಲ್‌ನಲ್ಲಿ ಹೆಚ್ಚಿನವರು ತಪ್ಪುವುದು ಸಮಯದಲ್ಲಿ. ದುಬಾರಿ ಎಣ್ಣೆಯನ್ನು ಮೊದಲೇ ಸುರಿದರೆ ಅದು ಕೆಂಡಕ್ಕೆ ತೊಟ್ಟಿಕ್ಕಿ ಬೆಂಕಿ ಭಗ್ಗನೆ ಏಳುತ್ತದೆ, ಪರಿಮಳವೂ ಹಾರಿಹೋಗುತ್ತದೆ. ಸುಮ್ನೆ ದಂಡ ಅಲ್ವಾ? ಸಾದಾ ಎಣ್ಣೆ ತೆಳ್ಳಗೆ ಸವರಿ ಸುಡಿ. ಫ್ಲೇವರ್ಡ್ ಎಣ್ಣೆ ಇಳಿಸಿದ ಮೇಲೆ, ಬಿಸಿ ಇರುವಾಗಲೇ ಹಾಕಿ. ಜೋಳದ ತೆನೆಗೆ ಮೆಣಸಿನಕಾಯಿ ಎಣ್ಣೆ ಸವರಿ ಉಪ್ಪು ಉದುರಿಸಿ ನೋಡಿ, ಕಾಳುಗಳ ಸಂದಿಗೆಲ್ಲ ಇಳಿದು ಬೆಣ್ಣೆಯ ನೆನಪೇ ಆಗುವುದಿಲ್ಲ. ಮೀನಿಗೆ ನಿಂಬೆ ಎಣ್ಣೆ. ಜಾಸ್ತಿ ಬೇಡ, ಕಹಿ ಬರುತ್ತದೆ.

ಮನೆಯಲ್ಲೇ ಹಸಿ ಬೆಳ್ಳುಳ್ಳಿ ನೆನೆಸಿ ಮಾಡುವುದಾದರೆ ಬಾಟಲಿ ಹೊರಗಿಡಬೇಡಿ. ಗಾಳಿಯಾಡದ ಎಣ್ಣೆಯಲ್ಲಿ ಬಾಟುಲಿಸಂ ಎಂಬ ಅಪಾಯಕಾರಿ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ಅದು ವಾಸನೆಯಿಂದ ಗೊತ್ತಾಗುವುದಿಲ್ಲ. ಫ್ರಿಜ್‌ನಲ್ಲಿಟ್ಟು 4 ದಿನದೊಳಗೆ ಮುಗಿಸಿ.