ಕೆರೆಯ ಅಳತೆ ಪುಸ್ತಕಕ್ಕೆ ಸದನದ ಬೀಗ ಇಲ್ಲ

ಪತ್ರದ ಸಾರ: ನಮ್ಮೂರ ಕೆರೆ ಏರಿಯ ದುರಸ್ತಿ ಮುಗಿದು ಎರಡು ಮಳೆಗಾಲ ಕಳೆದಿಲ್ಲ, ಏರಿಯ ಇಳಿಜಾರಿಗೆ ಹೊದಿಸಿದ ಪಿಚಿಂಗ್ ಕಲ್ಲು ಕೈಯಲ್ಲಿ ಹಿಡಿದರೆ ಕಿತ್ತು ಬರುತ್ತವೆ. ಹೋದ ವರ್ಷ ವಿಧಾನಮಂಡಲದ ಸಮಿತಿಯೊಂದು ಬಂದು ನೋಡಿ ಹೋಯಿತು. ಇಲಾಖೆ ಆ ಸಮಿತಿಗೆ ಕೊಟ್ಟ ಕಾಗದಗಳ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಕೊಟ್ಟರೆ ಸದನದ ಹಕ್ಕುಚ್ಯುತಿ (ವಿಶೇಷ ಹಕ್ಕಿನ ಉಲ್ಲಂಘನೆ) ಆಗುತ್ತದೆ ಎಂದು ಹಿಂಬರಹ ಬಂತು. ಸಮಿತಿಯ ಕರಡು ವರದಿಯ ಎರಡು ಹಾಳೆ ಸಿಕ್ಕಿದ್ದವು, ನಿಮಗೆ ಕಳಿಸಿದೆ. ನೀವೂ ಅಚ್ಚು ಹಾಕಲಿಲ್ಲ. ಕೆರೆ ನಮ್ಮದು, ದುಡ್ಡು ನಮ್ಮದು, ಗುಟ್ಟು ಮಾತ್ರ ನಮ್ಮಿಂದಲೇ ಏಕೆ?
– ನಿವೃತ್ತ ಶಾಲಾ ಮಾಸ್ತರರು, ಹಾವೇರಿ ಜಿಲ್ಲೆ

ಪ್ರಿಯ ಮಾಸ್ತರರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಊರಿನ ಹೆಸರನ್ನೂ ಬಿಟ್ಟಿದ್ದೇನೆ.

ನೀವು ಕಳಿಸಿದ ಹಿಂಬರಹದ ಜೆರಾಕ್ಸ್ ನಮ್ಮ ಹುಬ್ಬಳ್ಳಿ ಕಚೇರಿಯ ಮೇಜಿನ ಮೇಲಿದೆ. ಒಟ್ಟು ನಾಲ್ಕು ಸಾಲು. ಸಾಲುಗಳೆಲ್ಲ ಮೊದಲೇ ಟೈಪಾಗಿವೆ. ನಿಮ್ಮ ಹೆಸರು ಮತ್ತು ತಾರೀಕನ್ನು ಮಾತ್ರ ಪೆನ್ನಿನಲ್ಲಿ ತುಂಬಿದ್ದಾರೆ. ನಿಮ್ಮ ಅರ್ಜಿ ಓದಿ ಯೋಚಿಸಿ ಬರೆದ ಉತ್ತರ ಇದು ಅಂತ ನನಗೆ ಅನ್ನಿಸಲಿಲ್ಲ. ಕೆಳಗೆ ಒಂದು ಸಹಿ, ಒಂದು ಮುದ್ರೆ. ಮೇಲ್ಮನವಿ ಯಾರಿಗೆ ಹಾಕಬೇಕು, ಎಷ್ಟು ದಿನದೊಳಗೆ ಹಾಕಬೇಕು ಎಂಬುದು ಎಲ್ಲೂ ಇಲ್ಲ. ಅರ್ಜಿ ತಿರಸ್ಕರಿಸುವಾಗ ಕಾರಣದ ಜೊತೆ ಇವೆರಡನ್ನೂ ತಿಳಿಸಲೇಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 7(8) ಹೇಳುತ್ತದೆ. ಹಿಂಬರಹದ ಮೊದಲ ತಪ್ಪು ಇದೇ.

ಅವರು ತೋರಿಸಿದ ಸೆಕ್ಷನ್ 8(1)(ಸಿ) ಸುಳ್ಳಲ್ಲ. ಸಂಸತ್ತಿನ ಅಥವಾ ವಿಧಾನಮಂಡಲದ ಹಕ್ಕುಚ್ಯುತಿಗೆ ಕಾರಣವಾಗುವ ಮಾಹಿತಿ ಕೊಡಬೇಕಿಲ್ಲ ಎಂದು ಅಲ್ಲಿದೆ. ಆದರೆ ಆ ಹಕ್ಕು ಯಾರದು? ಸಂವಿಧಾನದ 194ನೇ ವಿಧಿ ಅದನ್ನು ಕೊಟ್ಟಿರುವುದು ಸದನಕ್ಕೆ, ಅದರ ಸಮಿತಿಗಳಿಗೆ, ಸದಸ್ಯರಿಗೆ. ಶಾಸಕ ಎದ್ದು ನಿಂತು ಮಂತ್ರಿಯನ್ನು ಕೇಳುವಾಗ ನಾಳೆ ಕೋರ್ಟಿಗೆ ಅಲೆಯಬೇಕಾದೀತು ಎಂಬ ಅಂಜಿಕೆ ಇರಬಾರದು ಅಂತ ಕೊಟ್ಟ ರಕ್ಷಣೆ ಅದು. ಎಂಜಿನಿಯರ್ ಕಚೇರಿಯ ಕಪಾಟಿಗೆ ಹಾಕಲು ಕೊಟ್ಟ ಬೀಗ ಅಲ್ಲ.

ನೀವು ಮಾಸ್ತರಿಕೆ ಮಾಡಿದವರು. ಇನ್‌ಸ್ಪೆಕ್ಟರ್ ಸಾಹೇಬರು ಶಾಲೆಗೆ ಬಂದು ಹಾಜರಿ ಪುಸ್ತಕ ನೋಡಿ ಹೋದರು ಅನ್ನಿ. ಅವರು ಬರೆಯುವ ತಪಾಸಣೆ ವರದಿ ಅವರದು. ಹಾಜರಿ ಪುಸ್ತಕ ಶಾಲೆಯದೇ ಅಲ್ವಾ? ಸಾಹೇಬರು ಮುಟ್ಟಿದರು ಅಂತ ಅದು ಗುಟ್ಟಿನ ಪುಸ್ತಕ ಆಗುವುದಿಲ್ಲ. ನಿಮ್ಮ ಕೆರೆಯ ಕಾಗದಗಳೂ ಹಾಗೇ. ಸಮಿತಿಯ ಕಡತದಲ್ಲಿರುವ ನಕಲು, ಅಲ್ಲಿ ಅಧಿಕಾರಿಗಳು ಕೊಟ್ಟ ಹೇಳಿಕೆ, ಸದಸ್ಯರ ಚರ್ಚೆ, ಇವು ಸಮಿತಿಗೆ ಸೇರಿದವು. ಎಸ್ಟಿಮೇಟ್, ಟೆಂಡರ್ ಕಾಗದ, ಆದ ಕೆಲಸದ ಅಳತೆಯನ್ನು ಎಂಜಿನಿಯರ್ ಬರೆದಿಡುವ ಅಳತೆ ಪುಸ್ತಕ (ಎಂ.ಬಿ.), ಬಿಲ್, ಇವೆಲ್ಲ ಸಮಿತಿ ಬರುವ ಮೊದಲೂ ಇಲಾಖೆಯಲ್ಲಿದ್ದವು, ಈಗಲೂ ಅಲ್ಲೇ ಇವೆ.

ಒಂದು ಮಾತು ಬೇಜಾರು ಮಾಡಿಕೊಳ್ಳದೆ ಕೇಳಿ. 'ಸಮಿತಿಗೆ ಕೊಟ್ಟ ಎಲ್ಲ ಕಾಗದ' ಎಂದು ನೀವು ಬರೆದಿದ್ದೇ ಅವರಿಗೆ ನೆಪವಾಯಿತು. ಹೊಸ ಅರ್ಜಿಯಲ್ಲಿ ಸಮಿತಿಯ ಹೆಸರೇ ಎತ್ತಬೇಡಿ. ಕಾಮಗಾರಿಯ ಹೆಸರು ಮತ್ತು ವರ್ಷ ಬರೆದು, ಎಸ್ಟಿಮೇಟ್, ಎಂ.ಬಿ. ಮತ್ತು ಅಂತಿಮ ಬಿಲ್‌ನ ದೃಢೀಕೃತ ನಕಲು ಕೊಡಿ ಎಂದು ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ನಿಮ್ಮ ಹಳೆ ಅರ್ಜಿ ಮೂರು ಹಾಳೆ ಇತ್ತು. ಅದರಲ್ಲಿ ಬರೆದ ಸಂಕಟ ನಿಜವೇ, ಆದರೆ ಅದನ್ನು ನಮಗೆ ಬರೆಯಿರಿ, ಅರ್ಜಿಯಲ್ಲಿ ಬೇಡ. ಯಾಕೆ ಬೇಕು ಎಂಬ ಕಾರಣವನ್ನೂ ಹೇಳಬೇಕಿಲ್ಲ. ಇನ್ನೊಂದು ಅನುಕೂಲ ತುಂಬ ಜನರಿಗೆ ಗೊತ್ತಿಲ್ಲ. ಕಾಯ್ದೆಯ ಸೆಕ್ಷನ್ 2(ಜೆ) ಪ್ರಕಾರ ಕಾಗದವಷ್ಟೇ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸಲು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ನಿಮಗೆ ಹಕ್ಕಿದೆ.

ಈಗ ನಮ್ಮ ಮೇಲಿನ ದೂರಿಗೆ ಬರುತ್ತೇನೆ. ಕರಡಿನ ಎರಡು ಹಾಳೆ ನಾವೇಕೆ ಅಚ್ಚು ಹಾಕಲಿಲ್ಲ? ಅಂಜಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆ, ಶಾಸಕರ ಬಗ್ಗೆ ಬಂದ ಬರಹಗಳಿಗಾಗಿ ಇಬ್ಬರು ಪತ್ರಕರ್ತರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಹೇಳಿತು. ಆಗ ಸಭಾಧ್ಯಕ್ಷರಾಗಿದ್ದವರು ನಿಮ್ಮ ಜಿಲ್ಲೆಯದೇ ರಾಣೆಬೆನ್ನೂರಿನ ಶಾಸಕ ಕೆ.ಬಿ. ಕೋಳಿವಾಡ. ವಿಷಯ ಹೈಕೋರ್ಟಿಗೆ ಹೋಯಿತು. ಸದನವೇ ದೂರುದಾರ, ಸದನವೇ ನ್ಯಾಯಾಧೀಶ ಆಗುವುದು ಸರಿಯಲ್ಲ ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಸದನದ ಕಲಾಪವನ್ನು ಇದ್ದದ್ದು ಇದ್ದ ಹಾಗೆ ವರದಿ ಮಾಡಿದರೆ ಸಂವಿಧಾನದ 361ಎ ವಿಧಿ ಪತ್ರಿಕೆಯನ್ನು ಕಾಯುತ್ತದೆ. ಮಂಡನೆಯಾಗದ ಕರಡಿಗೆ ಆ ಆಸರೆ ಇಲ್ಲ.

ಆದರೆ ಅಂಜಿಕೆಯೊಂದೇ ಕಾರಣ ಅಲ್ಲ. ನಿಮ್ಮ ಎರಡನೇ ಹಾಳೆಯಲ್ಲಿ ಒಬ್ಬ ಕಿರಿಯ ಎಂಜಿನಿಯರ್ ಸಮಿತಿಯ ಮುಂದೆ ಹೇಳಿದ ಮಾತಿದೆ. ಮೇಲಿನವರ ಒತ್ತಡಕ್ಕೆ ಅಳತೆ ಬರೆದೆ ಎಂಬ ಅರ್ಥ ಬರುತ್ತದೆ. ಅದನ್ನು ಮೂರು ಸಲ ಓದಿದೆ. ವರದಿ ಸದನಕ್ಕೆ ಬರುವ ಮೊದಲೇ ಅದು ನಮ್ಮ ಪತ್ರಿಕೆಯಲ್ಲಿ ಬಂದರೆ ಆ ಹುಡುಗನ ಗತಿ ಏನು? ಮುಂದಿನ ಸಮಿತಿಯ ಮುಂದೆ ಯಾರು ಬಾಯಿ ಬಿಡುತ್ತಾರೆ? ಅಂಥವರಿಗೋಸ್ಕರ ಈ ಗೌಪ್ಯತೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಹಾಳೆಗಳನ್ನು ನಿಮಗೇ ವಾಪಸ್ ಕಳಿಸಿದ್ದೇನೆ. ದಯವಿಟ್ಟು ಇನ್ನೊಬ್ಬರಿಗೆ ಕೊಡಬೇಡಿ.

ಆದರೆ ಈ ಗೌಪ್ಯತೆಗೆ ಒಂದು ಕೊನೆ ಇರಬೇಕು. ವರದಿ ಸದನದಲ್ಲಿ ಮಂಡನೆಯಾದ ದಿನ ಅದು ಎಲ್ಲರದು. ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಬೆಂಗಳೂರಿನ ಭೂ ಒತ್ತುವರಿ ಬಗ್ಗೆ ಕೊಟ್ಟ ವರದಿಯನ್ನು ಜನ ವರ್ಷಗಟ್ಟಲೆ ಕೈಯಲ್ಲಿ ಹಿಡಿದು ಓಡಾಡಿದರು. 2018ರ ಮೇ ತಿಂಗಳಲ್ಲಿ ಕಲ್ಪನಾ ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ, ಸಂಸದೀಯ ಸಮಿತಿಯ ವರದಿಯನ್ನು ಕೋರ್ಟು ನೋಡಬಹುದು, ನಾಗರಿಕರು ನ್ಯಾಯವಾಗಿ ಟೀಕಿಸಲೂಬಹುದು, ಅದರಿಂದ ಹಕ್ಕುಚ್ಯುತಿ ಆಗುವುದಿಲ್ಲ ಎಂದು ಹೇಳಿತು.

ನನ್ನ ತಕರಾರು ಇರುವುದು ಮಂಡನೆಗೆ ಮುಂಚಿನ ಕಾಲದ ಬಗ್ಗೆ. ನಮ್ಮ ಸಂವಿಧಾನ ಈ ವಿಶೇಷಾಧಿಕಾರಗಳನ್ನು ಬ್ರಿಟಿಷ್ ಕೆಳಮನೆಯ ಅಳತೆಗೆ ಹೊಲಿಸಿತು. ಶಾಸಕರ ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಎಂದು ಇವತ್ತಿಗೂ ನಾವು ಒಂದು ಕಾಯ್ದೆ ಬರೆದಿಲ್ಲ. ಅತ್ತ ಅದೇ ಬ್ರಿಟನ್ನಿನ ಕೆಳಮನೆಯ ಸಮಿತಿಗಳು ಈಗ ಹೆಚ್ಚಿನ ಸಾಕ್ಷ್ಯವನ್ನು ಬಾಗಿಲು ತೆರೆದೇ ಕೇಳುತ್ತವೆ, ಪ್ರಕಟಿಸುತ್ತವೆ. ನಾಜೂಕಿನ ಸಾಕ್ಷಿ ಬಂದಾಗ ಮಾತ್ರ ಬಾಗಿಲು ಹಾಕುತ್ತಾರೆ. ನಮ್ಮಲ್ಲಿ ಬಾಗಿಲು ಹಾಕುವುದೇ ರೂಢಿ. ಕೆರೆ ಏರಿಯ ಮೇಲೆ ನಿಮ್ಮೂರಿನ ಹತ್ತು ಜನ ನಿಂತಿದ್ದಾಗಲೇ ಸಮಿತಿ ಕಲ್ಲು ಮುಟ್ಟಿ ನೋಡಿತಲ್ಲ, ಆ ಹತ್ತು ಜನರ ಮಾತನ್ನು ಅಲ್ಲೇ ಕೇಳಿ ಬರೆದುಕೊಂಡಿದ್ದರೆ ಯಾರ ಹಕ್ಕು ಹೋಗುತ್ತಿತ್ತು?

ಮೇಲ್ಮನವಿಯ ವಿಷಯ ಅವಸರದ್ದು. ಹಿಂಬರಹ ಕೈ ಸೇರಿದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು. ನಿಮಗೆ ಈಗಾಗಲೇ 16 ದಿನ ಕಳೆದಿವೆ. ಅದಕ್ಕೇ ಅಚ್ಚಿಗೆ ಹೋಗುವ ಮೊದಲೇ ಈ ಉತ್ತರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಮೇಲ್ಮನವಿಯಲ್ಲಿ ಎರಡೇ ಮಾತು ಸಾಕು. ಇಲಾಖೆಯ ಸ್ವಂತ ದಾಖಲೆ ಕೊಟ್ಟರೆ ಹಕ್ಕುಚ್ಯುತಿ ಹೇಗಾಗುತ್ತದೆ ಎಂಬುದನ್ನು ತೋರಿಸುವ ಹೊಣೆ ಸೆಕ್ಷನ್ 19(5)ರ ಪ್ರಕಾರ ಅವರದೇ. ಯಾವುದೋ ಒಂದು ಹಾಳೆ ನಿಜಕ್ಕೂ ಗುಟ್ಟಿನದಾದರೆ ಸೆಕ್ಷನ್ 10ರಂತೆ ಅದನ್ನು ತೆಗೆದಿಟ್ಟು ಉಳಿದದ್ದು ಕೊಡಲಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹೋಗೋಣ. ಕಾಗದ ಬರೆಯಲು ನಮ್ಮ ಕಚೇರಿಯವರು ಕೂಡುತ್ತಾರೆ.

ಎಂ.ಬಿ. ನಕಲು ಕೈಗೆ ಬಂದ ದಿನ ಫೋನ್ ಮಾಡಿ. ನಾನೇ ಟೇಪು ಹಿಡಿದುಕೊಂಡು ಬರುತ್ತೇನೆ. ಪುಸ್ತಕದಲ್ಲಿ ಬರೆದಷ್ಟು ಉದ್ದದ ಕಲ್ಲು ಏರಿಯ ಮೇಲೆ ಇದೆಯೋ ಇಲ್ಲವೋ, ಇಬ್ಬರೂ ಕೂಡಿ ಅಳೆಯೋಣ.

– ಸಂಪಾದಕ