ಹೀಥ್ರೂನಲ್ಲಿ ಕೆಲಸ ಸಿಕ್ಕಿದೆ, ಬಂದ ಕೂಡಲೇ ಕಾರು ಬೇಕಾ?

ತಮ್ಮಾ, ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಟರ್ಮಿನಲ್ 3ರಲ್ಲಿ ಕೆಲಸ ಸಿಕ್ಕಿದ್ದು ಕೇಳಿ ಖುಷಿಯಾಯಿತು. ಬೆಳಗಿನ ಜಾವ 4ಕ್ಕೆ ಶಿಫ್ಟ್, ಬಂದ ಕೂಡಲೇ ಹಳೇ ಕಾರೊಂದು ತಗೊಳ್ಳಲಾ, ಅಲ್ಲಿ ಪಾರ್ಕಿಂಗ್ ಸಿಗುತ್ತಾ ಅಂತ ಕೇಳಿದ್ದೀಯ. ಕಾರಿನ ಮಾತು ಆಮೇಲೆ. ಮೊದಲು ಮನೆ ಎಲ್ಲಿ ಮಾಡ್ತೀಯ ಅನ್ನೋದನ್ನು ಯೋಚಿಸು.

ದೇವನಹಳ್ಳಿಯಲ್ಲಿ ನಿನಗೆ ಕಂಪನಿ ಕ್ಯಾಬ್ ಮನೆ ಬಾಗಿಲಿಗೆ ಬರುತ್ತಿತ್ತು ಅಲ್ವಾ, ಇಲ್ಲಿ ಅದನ್ನು ನಂಬಿಕೊಳ್ಳಬೇಡ. ಲಂಡನ್ನಿನ ಟ್ಯೂಬ್, ಅಂದರೆ ಮೆಟ್ರೊ ರೈಲು, ವಾರದ ದಿನಗಳಲ್ಲಿ ರಾತ್ರಿ ಮಲಗುತ್ತದೆ. ಹೀಥ್ರೂಗೆ ಬರುವ ಪಿಕಡಿಲಿ ಲೈನ್ ರಾತ್ರಿಯಿಡೀ ಓಡುವುದು ಶುಕ್ರವಾರ, ಶನಿವಾರ ಮಾತ್ರ. ಆಗಲೂ ಟರ್ಮಿನಲ್ 4ಕ್ಕೆ ಹೋಗೋದಿಲ್ಲ. ಹಾಗಾಗಿ ನಿನಗೆ ಬೇಕಾದದ್ದು 24 ಗಂಟೆ ಓಡುವ ಬಸ್ಸು. ಸೌತಾಲ್ ಕಡೆಯಿಂದ 105, ಹೌನ್ಸ್ಲೋದಿಂದ 111, ಫೆಲ್ತಮ್‌ನಿಂದ 285. ಮೂರೂ ಟರ್ಮಿನಲ್ 2, 3ರ ಪಕ್ಕದ ಬಸ್ ಸ್ಟೇಷನ್ನಿಗೇ ಬರುತ್ತವೆ. ಈ ಮೂರು ರೂಟಿನ ಯಾವುದಾದರೂ ಸ್ಟಾಪಿಗೆ ನಡೆದು ಹೋಗುವಷ್ಟು ಹತ್ತಿರ ಒಂದು ರೂಮು ಹುಡುಕು. ಸೌತಾಲ್, ಹೌನ್ಸ್ಲೋ ಕಡೆ ನಮ್ಮ ದಿನಸಿಯೂ ಸಿಗುತ್ತದೆ, ಅದು ಬೋನಸ್. ಈಲಿಂಗ್ ಚೆನ್ನಾಗಿದೆ ಅಂತ ಯಾರಾದರೂ ಹೇಳಬಹುದು. ಚೆನ್ನಾಗಿದೆ ನಿಜ, ಒಂಬತ್ತು ಗಂಟೆಗೆ ಆಫೀಸಿಗೆ ಹೋಗುವವರಿಗೆ.

ಇನ್ನು ಪಾರ್ಕಿಂಗ್. ಅಲ್ಲಿ ದುಡಿಯುವವರು 70 ಸಾವಿರಕ್ಕೂ ಜಾಸ್ತಿ. ಐದನೇ ಟರ್ಮಿನಲ್ಲಿಗೆ 2001ರಲ್ಲಿ ಒಪ್ಪಿಗೆ ಕೊಟ್ಟಾಗಲೇ ಸರ್ಕಾರ ಷರತ್ತು ಹಾಕಿತ್ತು: ಇಡೀ ವಿಮಾನ ನಿಲ್ದಾಣಕ್ಕೆ 42,000 ಪಾರ್ಕಿಂಗ್ ಜಾಗ, ಅಷ್ಟೇ. ಪ್ರಯಾಣಿಕರದ್ದೂ ನೌಕರರದ್ದೂ ಸೇರಿ ಇಷ್ಟು. ಸುತ್ತಲಿನ ರಸ್ತೆಗಳ ಟ್ರಾಫಿಕ್, ಹೊಗೆ ಮಿತಿ ಮೀರಬಾರದು ಅಂತ. ಆದ್ದರಿಂದ ಪರ್ಮಿಟ್ ಎಲ್ಲರಿಗೂ ಸಿಗೋದಿಲ್ಲ. ಕೊಡೋದು ಬಿಡೋದು ಕಂಪನಿ ಕೈಲಿದೆ, ದುಡ್ಡು ಯಾರು ಕಟ್ಟುತ್ತಾರೆ ಅನ್ನೋದೂ ಅವರಿಗೇ ಬಿಟ್ಟದ್ದು. ಆಫರ್ ಲೆಟರಿನಲ್ಲಿ ಇಲ್ಲದಿದ್ದರೆ ಬಾಯಿಬಿಟ್ಟು ಕೇಳು.

ಪರ್ಮಿಟ್ ಸಿಕ್ಕಿತು ಅಂತಿಟ್ಟುಕೋ. ಸ್ಟಾಫ್ ಕಾರ್ ಪಾರ್ಕ್ ಸಾಮಾನ್ಯವಾಗಿ ಟರ್ಮಿನಲ್ಲಿನಿಂದ ದೂರ, ಹೊರ ಅಂಚಿನಲ್ಲಿರುತ್ತದೆ. ಜನವರಿಯಲ್ಲಿ ಮನೆ ಮುಂದೆ ಗಾಜಿನ ಮೇಲಿನ ಮಂಜು ಕೆರೆದು ಹೊರಡಬೇಕು. ಅಲ್ಲಿ ಕಾರು ನಿಲ್ಲಿಸಿ ಶಟಲ್ ಬಸ್ಸಿಗೆ ಕಾಯಬೇಕು. ಬಸ್ಸಿನ ತುಂಬ ಹಳದಿ ಜಾಕೆಟ್ಟು, ಅರ್ಧ ಜನ ಕಣ್ಣುಮುಚ್ಚಿ ತೂಗುತ್ತಿರುತ್ತಾರೆ. ಇಳಿದ ಮೇಲೆ ಪ್ರಯಾಣಿಕರ ಹಾಗೇ ನಿನಗೂ ಸೆಕ್ಯುರಿಟಿ ತಪಾಸಣೆ. ಕಾರಿನಲ್ಲಿ ಹದಿನೈದು ನಿಮಿಷ ಅಂತ ಮ್ಯಾಪ್ ತೋರಿಸೋದು ಇದ್ಯಾವುದನ್ನೂ ಲೆಕ್ಕಕ್ಕೆ ತಗೊಳ್ಳದೆ.

ಹಳೇ ಕಾರು ಅಂದೆಯಲ್ಲ, ಅದರಲ್ಲೂ ಒಂದು ಪೇಚಿದೆ. 2023ರ ಆಗಸ್ಟ್ 29ರಿಂದ ಇಡೀ ಲಂಡನ್ನಿಗೆ ಯೂಲೆಜ್ (ಹೊಗೆ ಜಾಸ್ತಿ ಬಿಡುವ ವಾಹನಗಳಿಗೆ ಶುಲ್ಕ ಹಾಕುವ ವಲಯ) ಬಂದಿದೆ, ಹೀಥ್ರೂ ಅದರೊಳಗೇ ಇದೆ. ಹೊಗೆ ಮಟ್ಟಕ್ಕೆ ಹೊಂದದ ಕಾರಾದರೆ ದಿನಕ್ಕೆ 12.50 ಪೌಂಡ್. ಲೆಕ್ಕ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ರಾತ್ರಿ 10ಕ್ಕೆ ಹೋಗಿ ಬೆಳಗ್ಗೆ 6ಕ್ಕೆ ವಾಪಸ್ ಬಂದರೆ ಒಂದೇ ಶಿಫ್ಟಿಗೆ ಎರಡು ದಿನದ ದುಡ್ಡು! ಡೀಸೆಲ್ ಕಾರು ಅಗ್ಗಕ್ಕೆ ಬಂತು ಅಂತ ಮರುಳಾಗಬೇಡ, ನಂಬರ್ ಹಾಕಿ ಆನ್‌ಲೈನ್‌ನಲ್ಲಿ ನೋಡಿಯೇ ಮುಂಗಡ ಕೊಡು. ನಮ್ಮ ಲೈಸೆನ್ಸ್ ಇಲ್ಲಿ ನೆಲೆಸಿದ ಮೊದಲ ಒಂದು ವರ್ಷಕ್ಕಷ್ಟೇ ನಡೆಯುತ್ತದೆ. ಹೊಸಬರಿಗೆ ಇನ್ಶೂರೆನ್ಸ್ ಕಾರಿನ ಬೆಲೆಯನ್ನೇ ಅಣಕಿಸುವಂತಿರುತ್ತದೆ.

ಯಾರಾದರೂ ಡ್ರಾಪ್ ಕೊಡ್ತೀನಿ ಅಂದರೆ ಟರ್ಮಿನಲ್ ಬಾಗಿಲಿನವರೆಗೆ ಬೇಡ. ಅಲ್ಲಿ ನಿಲ್ಲಿಸಿದರೆ ಶುಲ್ಕ. 2021ರಲ್ಲಿ 5 ಪೌಂಡಿಗೆ ಶುರುವಾದದ್ದು, ಈಗ ಇನ್ನೂ ಜಾಸ್ತಿ. ಗೇಟಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಕಟ್ಟೋದು ಮರೆತರೆ ಪಾಪ, ಡ್ರಾಪ್ ಕೊಟ್ಟವರಿಗೆ ದಂಡದ ಕಾಗದ. ನಿಲ್ದಾಣದ ಅಂಚಿನಲ್ಲಿರುವ ಹ್ಯಾಟನ್ ಕ್ರಾಸ್‌ನಲ್ಲಿ ಇಳಿದು 285 ಹಿಡಿ.

ಕಾರು ನಿಜಕ್ಕೂ ಬೇಕಾಗೋದು ಡಿಸೆಂಬರ್ 25ಕ್ಕೆ. ಅವತ್ತು ಲಂಡನ್ನಿನ ಟ್ಯೂಬೂ ಇಲ್ಲ, ಕೆಂಪು ಬಸ್ಸೂ ಇಲ್ಲ, ವಿಮಾನ ಮಾತ್ರ ಹಾರುತ್ತವೆ. ನವೆಂಬರಿನಲ್ಲೇ ಶಿಫ್ಟ್ ಪಟ್ಟಿ ನೋಡಿ, ನಿನ್ನ ದಾರಿಯಲ್ಲಿ ಕಾರಿರುವವರ ಜೊತೆ ಮಾತಾಡಿಟ್ಟುಕೋ. ಪೆಟ್ರೋಲಿಗೆ ನಿನ್ನ ಪಾಲು ಕೊಡು, ಸುಮ್ನೆ ಕೂತು ಬರಬೇಡ.

ರೂಮಿಗೆ ಅಡ್ವಾನ್ಸ್ ಕೊಡೋ ಮುಂಚೆ ಪೋಸ್ಟ್‌ಕೋಡ್ ಕಳಿಸು, ರಾತ್ರಿ ಬಸ್ಸು ಎಷ್ಟು ಹೊತ್ತಿಗಿದೆ ನೋಡಿ ಹೇಳ್ತೀನಿ.